ಯಾರಾದ್ರೂ ಗೆಲ್ಲಲಿ, ಟೈ ಮಾತ್ರ ಬೇಡ

ಅಮೆರಿಕನ್ ಫುಟ್‌ಬಾಲ್ ಅರ್ಥ ಆಗಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಸುಮ್ನೆ ಹೇಳುತ್ತಾರೆ. ಆಟ ಏನೂ ಕಷ್ಟ ಇಲ್ಲ. ಒಬ್ಬ ಚೆಂಡು ಹಿಡಿದು ಓಡುತ್ತಾನೆ, ಮಿಕ್ಕವರು ಅವನ ಮೇಲೆ ಬೀಳುತ್ತಾರೆ. ಕಷ್ಟ ಶುರುವಾಗೋದು ಸೀಸನ್‌ನ ಕೊನೆಯಲ್ಲಿ, ಪ್ಲೇಆಫ್‌ಗೆ ಯಾರು ಹೋಗುತ್ತಾರೆ ಅಂತ ಲೆಕ್ಕ ಹಾಕಲು ಕೂತಾಗ.

ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌. ಅದರಲ್ಲಿ ಇರೋದು 32 ತಂಡ, ಎರಡು ಕಾನ್ಫರೆನ್ಸ್ ಅನ್ನೋ ಗುಂಪು. ಒಂದೊಂದರಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್. ಡಿವಿಷನ್ ಗೆದ್ದ ನಾಲ್ವರ ಜೊತೆ ಇನ್ನೂ ಮೂವರಿಗೆ ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದೆಯೂ ಪ್ಲೇಆಫ್ ಸೀಟು, ಸಿಗುತ್ತೆ. ಒಬ್ಬೊಬ್ಬರು ಆಡೋದು ಬರೀ 17 ಪಂದ್ಯ. ಇಷ್ಟು ಕಡಿಮೆ ಆಡಿದರೆ ಇಬ್ಬರು ಮೂವರ ಸೋಲು-ಗೆಲುವು ಒಂದೇ ಆಗಿ ಕೂತಿರುತ್ತೆ, ಇನ್ನೇನಾಗುತ್ತೆ? ಆಗ ಸಮ ಇದ್ದವರಲ್ಲಿ ಯಾರು ಮುಂದೆ ಅಂತ ಹೇಳುವ ನಿಯಮಗಳ ಟೈಬ್ರೇಕರ್ ಪಟ್ಟಿ ಹೊರಗೆ ಬರುತ್ತೆ.

ನಮ್ಮ ಮನೆಗೆ ಆ ಪಟ್ಟಿ ಬಂದಿದ್ದು 2022ರ ಜನವರಿ 9ರ ಭಾನುವಾರ, ಪಕ್ಕದ ಮನೆಯವನ ಕೈಯಲ್ಲಿ. ನಾವಿದ್ದದ್ದು ಪಿಟ್ಸ್‌ಬರ್ಗ್‌ನಲ್ಲಿ. ಆ ಊರಲ್ಲಿ ತಮ್ಮ ತಂಡ ಸ್ಟೀಲರ್ಸ್ ಬಿಟ್ಟರೆ ಬೇರೆ ಮಾತಿಲ್ಲ. ಮಧ್ಯಾಹ್ನ ಸ್ಟೀಲರ್ಸ್ ಓವರ್‌ಟೈಮ್‌ನಲ್ಲಿ ಬಾಲ್ಟಿಮೋರನ್ನು 16-13ರಿಂದ ಸೋಲಿಸಿತ್ತು. ಅದೇ ಹೊತ್ತಿಗೆ, ಆ ವರ್ಷ ಎರಡೇ ಪಂದ್ಯ ಗೆದ್ದಿದ್ದ ಜಾಕ್ಸನ್‌ವಿಲ್ ತಂಡ ಸ್ಟೀಲರ್ಸ್ ಹಾದಿಗೆ ಅಡ್ಡ ಇದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸನ್ನು 26-11ರಿಂದ ಕೆಡವಿತ್ತು. ಇನ್ನು ಉಳಿದಿದ್ದು ರಾತ್ರಿಯ ಕೊನೇ ಪಂದ್ಯ ಒಂದೇ, ಲಾಸ್ ವೇಗಸ್‌ನಲ್ಲಿ ರೈಡರ್ಸ್ ಮತ್ತು ಚಾರ್ಜರ್ಸ್.

"ಯಾರು ಗೆಲ್ಲಬೇಕು?" ಅಂತ ಮಾವ ಕೇಳಿದರು. ಊರಿಂದ ಬಂದು ನಮ್ಮ ಜೊತೆ ಇದ್ದರು. ಐಪಿಎಲ್ ನೆಟ್ ರನ್‌ರೇಟನ್ನು ಬಾಯಲ್ಲೇ ಲೆಕ್ಕ ಹಾಕುವ ಮನುಷ್ಯ.

"ಯಾರು ಗೆದ್ದರೂ ಸರಿ. ಟೈ ಆಗಬಾರದು ಅಷ್ಟೇ," ಅಂದ ಪಕ್ಕದ ಮನೆಯವನು.

ಮಾವನಿಗೆ ಇದು ಸರಿಬರಲಿಲ್ಲ. "ಅದೇನ್ರೀ ಅಳಿಯಂದಿರೇ, ಯಾರದ್ದೋ ಪಂದ್ಯ ಟೈ ಆದರೆ ಇವನಿಗೇನು?" ಅಂತ ನನ್ನ ಕಡೆ ತಿರುಗಿದರು.

ಸಂಗತಿ ಹೀಗೆ. ನವೆಂಬರ್‌ನಲ್ಲಿ ಸ್ಟೀಲರ್ಸ್ ಒಂದು ಪಂದ್ಯ ಟೈ ಮಾಡಿಕೊಂಡಿತ್ತು. ಅದೂ ಅಲ್ಲಿಯವರೆಗೆ ಒಂದೂ ಗೆಲ್ಲದ ಡೆಟ್ರಾಯಿಟ್ ಲಯನ್ಸ್ ಜೊತೆ, 16-16. ಅವತ್ತು ಊರಿಗೆ ಊರೇ ತಲೆ ತಗ್ಗಿಸಿತ್ತು. ಆದರೆ ಎನ್‌ಎಫ್‌ಎಲ್ ಲೆಕ್ಕದಲ್ಲಿ ಟೈ ಅಂದರೆ ಅರ್ಧ ಗೆಲುವು, ಅರ್ಧ ಸೋಲು. ಈಗ ಸ್ಟೀಲರ್ಸ್‌ಗೆ 9 ಗೆಲುವು, 7 ಸೋಲು, 1 ಟೈ. ರಾತ್ರಿ ಯಾರು ಸೋತರೂ ಅವರದ್ದು 9-8 ಆಗುತ್ತೆ, ಅರ್ಧ ಹೆಜ್ಜೆ ಹಿಂದೆ. ಟೈ ಆದರೆ ಮಾತ್ರ ಮೂವರೂ 9-7-1, ಉಳಿದಿದ್ದು ಎರಡೇ ಜಾಗ. ಮೂವರು ಸಮ ಇದ್ದಾಗ ಮೊದಲು ಒಂದೇ ಡಿವಿಷನ್‌ನವರ ಪೈಕಿ ಒಬ್ಬನನ್ನು ಆರಿಸಬೇಕು. ರೈಡರ್ಸ್, ಚಾರ್ಜರ್ಸ್ ಇಬ್ಬರೂ ಒಂದೇ ಡಿವಿಷನ್. ಆ ಸೀಸನ್‌ನಲ್ಲಿ ಮೊದಲ ಸಲ ಎದುರಾದಾಗ ಚಾರ್ಜರ್ಸ್ ಗೆದ್ದಿದ್ದರಿಂದ ಅವರು ಮುಂದೆ. ಆಮೇಲೆ ಸ್ಟೀಲರ್ಸ್ ಜೊತೆ ಹೋಲಿಕೆ. ಮುಖಾಮುಖಿಯಲ್ಲಿ ಚಾರ್ಜರ್ಸ್ ಇವರನ್ನು 41-37ರಿಂದ ಹೊಡೆದಿತ್ತು. ಒಂದು ಜಾಗ ಅವರಿಗೆ. ಪಟ್ಟಿ ಮತ್ತೆ ಮೊದಲಿಂದ ಶುರು. ಈಗ ರೈಡರ್ಸ್ ಜೊತೆ ಹೋಲಿಕೆ, ಅವರೂ ಸೆಪ್ಟೆಂಬರ್‌ನಲ್ಲೇ ಇವರನ್ನು 26-17ರಿಂದ ಹೊಡೆದಿದ್ದರು. ಸ್ಟೀಲರ್ಸ್ ಮನೆಗೆ.

ಮಾವ ಒಂದು ಹಳೇ ಲಕೋಟೆಯ ಹಿಂದೆ ಎಲ್ಲ ಬರೆದುಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಹಾಗಾದ್ರೆ ಆ ಇಬ್ಬರೂ ಮಾತಾಡಿಕೊಂಡು, ಚೆಂಡು ಹಿಡಿದು ಸುಮ್ನೆ ಕೂತುಬಿಟ್ಟರೆ ಇಬ್ಬರಿಗೂ ಸೀಟು ಗ್ಯಾರಂಟಿ ಅಲ್ವಾ?"

ಅವತ್ತು ಇಡೀ ಅಮೆರಿಕ ಕೇಳುತ್ತಿದ್ದ ಪ್ರಶ್ನೆ ಅದು. ಪಕ್ಕದ ಮನೆಯವನ ಮುಖ ಸಣ್ಣಗಾಯಿತು.

ಆಟದ ಕೊನೇ ಎಸೆತಕ್ಕೆ ಚಾರ್ಜರ್ಸ್ ಟಚ್‌ಡೌನ್ ಹೊಡೆದು, ಹೆಚ್ಚುವರಿ ಪಾಯಿಂಟ್ ಸೇರಿಸಿ 29-29 ಮಾಡಿತು. ಪಕ್ಕದ ಮನೆಯವನು ಸೋಫಾದಿಂದ ಹಾರಿದ ರಭಸಕ್ಕೆ ಟೀಪಾಯಿ ಮೇಲಿದ್ದ ಕಾಫಿ ಲೋಟ ಉರುಳಿತು. ಮಾವ ಇಂಥ ಹೊತ್ತಲ್ಲಿ ಬಲು ಚುರುಕು. ಪಕ್ಕದಲ್ಲಿ ಹಳದಿ ಬಣ್ಣದ ಟವೆಲ್ ಒಂದಿತ್ತು. ತೆಗೆದುಕೊಂಡು ಟೀಪಾಯಿ ಒರೆಸಿ, ನೆಲ ಒರೆಸಿ, ಹಿಂಡಿ, ಮಡಚಿ ಅವನ ಕೈಗೇ ಕೊಟ್ಟರು.

ಅದು ಟೆರಿಬಲ್ ಟವೆಲ್. 1975ರಿಂದ ಸ್ಟೀಲರ್ಸ್ ಅಭಿಮಾನಿಗಳು ಕ್ರೀಡಾಂಗಣದಲ್ಲಿ ಬೀಸುವ ಟವೆಲ್. ಅದನ್ನು ತುಳಿದು ಅಣಕಿಸಿದ ತಂಡಗಳಿಗೆ ಶಾಪ ತಟ್ಟಿದೆ ಅಂತ ನಂಬಿಕೆ. ಕಾಫಿ ಒರೆಸಿದವರಿಗೆ ಏನಾಗುತ್ತೆ ಅಂತ ಯಾರೂ ಹೇಳಿಲ್ಲ. ಅವನು ತುದಿಯಿಂದ ಕಾಫಿ ತೊಟ್ಟಿಕ್ಕುತ್ತಿದ್ದ ಟವೆಲ್ ಹಿಡಿದುಕೊಂಡು ನಿಂತ. ಬಾಯಿಂದ ಮಾತು ಹೊರಡಲಿಲ್ಲ. ಒಣಗಿಸಲು ಅಂತ ನನ್ನ ಹೆಂಡತಿ ಕೈ ಚಾಚಿದರೆ ಅದನ್ನೂ ಬಿಡಲಿಲ್ಲ.

ಓವರ್‌ಟೈಮ್‌ನಲ್ಲಿ ಇಬ್ಬರೂ ಮೂರು ಮೂರು ಪಾಯಿಂಟ್ ಹೊಡೆದು 32-32 ಮಾಡಿದರು. ಟೈ ಗಟ್ಟಿಯಾಗುತ್ತಿತ್ತು. 38 ಸೆಕೆಂಡ್ ಉಳಿದಿದ್ದಾಗ ಚಾರ್ಜರ್ಸ್ ಕೋಚ್ ಯಾಕೋ ಟೈಮ್‌ಔಟ್ ಕೇಳಿದರು. ಅದರ ಬಗ್ಗೆ ಈಗಲೂ ಜಗಳ ಇದೆ. ಮುಂದಿನ ಓಟದಲ್ಲಿ ರೈಡರ್ಸ್ 10 ಗಜ ಮುಂದೆ ಬಂತು, ಕೊನೇ ಕ್ಷಣದಲ್ಲಿ ಡೇನಿಯಲ್ ಕಾರ್ಲ್‌ಸನ್ 47 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 35-32. ಇಡೀ ಪಿಟ್ಸ್‌ಬರ್ಗ್ ರೈಡರ್ಸ್‌ಗೆ ಜೈ ಅಂದಿತು. ಪಕ್ಕದ ಮನೆಯವನು ಮಾವನನ್ನು ಒದ್ದೆ ಟವೆಲ್ ಸಮೇತ ತಬ್ಬಿಕೊಂಡ. ಅವರ ಬಿಳಿ ಶರ್ಟಿನ ಕಥೆ ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರ ಕಾನ್ಸಸ್ ಸಿಟಿ ಕೈಲಿ ಸ್ಟೀಲರ್ಸ್ 42-21ರಿಂದ ಸೋತಿತು. ಅದು ಬೇರೆ ಮಾತು.

ಮಾವ ಆ ಪಟ್ಟಿಯನ್ನು ಊರಿಗೂ ತೆಗೆದುಕೊಂಡು ಹೋದರು. ಅದರಲ್ಲಿ ಅವರಿಗೆ ಜಾಸ್ತಿ ಹಿಡಿಸಿದ್ದು ಸ್ಟ್ರೆಂತ್ ಆಫ್ ವಿಕ್ಟರಿ. ನೀವು ಸೋಲಿಸಿದ ತಂಡಗಳೆಲ್ಲ ಸೇರಿ ಎಷ್ಟು ಗೆದ್ದಿವೆ ಅನ್ನೋ ಲೆಕ್ಕ. "ಹೊಡೆದು ಕಳಿಸಿದವನಿಗೇ ಚೆನ್ನಾಗಿರಪ್ಪಾ ಅಂತ ಹರಸಬೇಕು. ಎಂಥಾ ನಿಯಮ ಮಾಡಿದ್ದಾರ್ರೀ!" ಅಂತ ಫೋನಲ್ಲಿ ನಗುತ್ತಾರೆ. ನಗುವ ವಿಷಯ ಅಲ್ಲ. 2010ರಲ್ಲಿ ಗ್ರೀನ್ ಬೇ, ನ್ಯೂಯಾರ್ಕ್ ಜೈಂಟ್ಸ್, ಟ್ಯಾಂಪಾ ಬೇ ಮೂರೂ 10-6 (ಆಗ ಆಡುತ್ತಿದ್ದದ್ದು 16 ಪಂದ್ಯ). ಈ ಲೆಕ್ಕದಲ್ಲೇ ಗ್ರೀನ್ ಬೇ ಒಳಗೆ ಹೋಯಿತು. ಹೋಗಿದ್ದಷ್ಟೇ ಅಲ್ಲ, ಫೈನಲ್ ಆದ ಸೂಪರ್ ಬೌಲೂ ಗೆದ್ದಿತು. ಸೋತವರು ಯಾರು? ಇದೇ ಸ್ಟೀಲರ್ಸ್. ಅದೇ ವರ್ಷ 7-9ರ ಸಿಯಾಟಲ್ ಡಿವಿಷನ್ ಗೆದ್ದೆ ಅಂತ ಪ್ಲೇಆಫ್‌ಗೆ ಬಂದಿತ್ತು. ನ್ಯಾಯ ಕೇಳಬೇಡಿ.

ಪಟ್ಟಿಯ ಕಟ್ಟಕಡೆಯಲ್ಲಿ ನಾಣ್ಯ ಚಿಮ್ಮುವುದು ಅಂತ ಇದೆ. 2023ರ ಜನವರಿಯಲ್ಲಿ ನಾಣ್ಯ ಬೇರೆ ಕಾರಣಕ್ಕೆ ಸುದ್ದಿಯಾಯಿತು. ಆಟಗಾರನೊಬ್ಬ ಮೈದಾನದಲ್ಲೇ ಕುಸಿದು ಬಿದ್ದಿದ್ದರಿಂದ ಸಿನ್ಸಿನಾಟಿ-ಬಫಲೋ ಪಂದ್ಯ ರದ್ದಾಗಿತ್ತು. ಅದರಿಂದಾಗಿ, ಕೊನೇ ಪಂದ್ಯದಲ್ಲಿ ಸಿನ್ಸಿನಾಟಿಯನ್ನು ಬಾಲ್ಟಿಮೋರ್ ಸೋಲಿಸಿ, ಪ್ಲೇಆಫ್‌ನ ಮೊದಲ ಸುತ್ತಲ್ಲಿ ಮತ್ತೆ ಇವರೇ ಎದುರಾದರೆ ಪಂದ್ಯ ಯಾರ ಊರಲ್ಲಿ ಅಂತ ನಾಣ್ಯ ಹೇಳಬೇಕಿತ್ತು. ಸಿನ್ಸಿನಾಟಿಯವರಿಗೆ ಸಿಟ್ಟು ಬಂತು. ಪಂದ್ಯ ಗೆದ್ದರು. ಅದರಲ್ಲಿ ಟಚ್‌ಡೌನ್ ಹೊಡೆದ ಜೋ ಮಿಕ್ಸನ್ ಗ್ಲೌಸಿನಿಂದ ಒಂದು ನಾಣ್ಯ ತೆಗೆದು ಚಿಮ್ಮಿದ. ಲೀಗ್ 13 ಸಾವಿರ ಡಾಲರ್‌ಗೂ ಜಾಸ್ತಿ ದಂಡ ಹಾಕಿತು.

ಇದನ್ನೆಲ್ಲ ಫೋನಲ್ಲಿ ಹೇಳಿ ಮುಗಿಸಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿದರು.

"ದಂಡ ಹಾಕ್ಲಿ ಬಿಡಿ," ಅಂದರು. "ಹೆಡ್ಡೋ ಟೇಲೋ, ಅದನ್ನ ಯಾರಾದ್ರೂ ನೋಡಿದ್ರಾ?"