ನೆಲಬಾಂಬ್ ತೆಗೆಯುವವರ ಕೈಗೆ ಅಯಸ್ಕಾಂತ ಕೊಡಬೇಕೇ?

ಪರ: ಸಾವಿರ ಸಲ ಸುಮ್ನೆ ಅಗೆಸಬೇಡಿ

ಕಾಂಬೋಡಿಯಾದ ಬಟ್ಟಂಬಾಂಗ್ ಕಡೆಯ ಒಂದು ಹೊಲ. 1980ರ ದಶಕದಲ್ಲಿ ಥಾಯ್ಲೆಂಡ್ ಗಡಿಯುದ್ದಕ್ಕೂ ಹೂತ ‘ಕೆ5’ ನೆಲಬಾಂಬ್ ಪಟ್ಟಿ ಹಾದುಹೋಗಿರುವ ಸೀಮೆ ಅದು. ಅಲ್ಲಿ ಒಬ್ಬ ಹೆಣ್ಣುಮಗಳು ಇಕ್ಕಟ್ಟಾದ ಓಣಿಯಂಥ ಜಾಗದಲ್ಲಿ ಮಂಡಿಯೂರಿ ಕೂತಿದ್ದಾಳೆ. ಎದೆಗೆ ದಪ್ಪ ಕವಚ, ಮುಖಕ್ಕೆ ಪ್ಲಾಸ್ಟಿಕ್ ಪರದೆ. ಒಳಗೆಲ್ಲ ಬೆವರು. ಡಿಟೆಕ್ಟರ್ ಕುಂಯ್ ಎನ್ನುತ್ತದೆ. ಕೆಳಗಿರುವುದು ಬಾಂಬೋ, ಗುಂಡಿನ ಚೂರೋ, ಯಾರದೋ ಗುಡಿಸಲಿನ ಹಳೇ ಮೊಳೆಯೋ? ಡಿಟೆಕ್ಟರಿಗೆ ಗೊತ್ತಿಲ್ಲ. ಲೋಹ ಇದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಆಕೆ ಪಕ್ಕದಿಂದ, ಚೂರು ಚೂರೇ ಮಣ್ಣು ಕೆರೆಯಲು ಶುರು ಮಾಡುತ್ತಾಳೆ. ಮೊಳೆಯೇ ಆಗಿದ್ದರೂ ಬಾಂಬ್ ಎಂದೇ ನಂಬಿ ಕೆರೆಯಬೇಕು.

1992ರಿಂದ 1998ರವರೆಗೆ ಆ ದೇಶದಲ್ಲಿ ಹೀಗೆ ಅಗೆದು ತೆಗೆದ ವಸ್ತುಗಳು ಸುಮಾರು 20 ಕೋಟಿ. ಅದರಲ್ಲಿ ಬಾಂಬ್, ಶೆಲ್ ಥರದ ಸಿಡಿಯುವ ವಸ್ತುಗಳು ಸುಮಾರು 5 ಲಕ್ಷ. ಅಂದರೆ ಸಾವಿರ ಸಲ ಅಗೆದರೆ ಎರಡೋ ಮೂರೋ. ಮಿಕ್ಕಿದ್ದೆಲ್ಲ ಗುಜರಿ.

ಸಣ್ಣ ಸದ್ದುಗಳನ್ನು ಬಿಟ್ಟುಬಿಡಬಹುದಲ್ವಾ ಎಂದು ಕೇಳಬಹುದು. ಬಿಡೋಕೆ ಆಗಲ್ಲ. ಚೀನಾದ ಟೈಪ್ 72ಎ ಬಾಂಬಿನ ಮೈಯೆಲ್ಲ ಪ್ಲಾಸ್ಟಿಕ್, ಒಳಗೆ ಲೋಹ ಎಳ್ಳಷ್ಟು. ಮೊಳೆಯ ತುದಿಯೂ ಅದೂ ಡಿಟೆಕ್ಟರಿಗೆ ಒಂದೇ ಥರ ಕೇಳಿಸುತ್ತವೆ.

ಅಯಸ್ಕಾಂತ ಬೇಕಾಗುವುದು ಇಲ್ಲೇ. ಸ್ಕೂಲಿನಲ್ಲಿ ಮರಳಿನ ಮೇಲೆ ಮ್ಯಾಗ್ನೆಟ್ ಆಡಿಸಿದಾಗ ಅದಕ್ಕೆ ಕರೀ ಗಡ್ಡ ಬೆಳೆಯುತ್ತಿದ್ದುದು ನೆನಪಿದೆಯಾ? ಅದೇ ಕೆಲಸ. ಕೆರೆದು ತೆಗೆದ ಮಣ್ಣಿನ ಮೇಲೆ ಒಂದು ಸಲ ಆಡಿಸಿದರೆ ತುಕ್ಕು ಹಿಡಿದ ತಂತಿ, ಶೆಲ್ ಚೂರು, ಮೊಳೆ ಎಲ್ಲ ಮೇಲೆದ್ದು ಬರುತ್ತವೆ. ಇಲ್ಲದಿದ್ದರೆ ಹಿಡಿ ಹಿಡಿ ಮಣ್ಣನ್ನು ಡಿಟೆಕ್ಟರ್ ಮುಂದೆ ಹಿಡಿದು, ಸದ್ದು ಮಾಡಿದ ಹಿಡಿಯನ್ನು ಮತ್ತೆ ಅರ್ಧ ಮಾಡಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಅದೂ ಉಗುರಿನಷ್ಟು ಚೂರಿಗೆ. ಪೋಮ್ಝ್-2 ಅನ್ನುವ ಗೂಟದ ಬಾಂಬಿನ ಮೈ ಬೀಡು ಕಬ್ಬಿಣದ್ದು. ಅದು ಸಿಡಿದ ಜಾಗದಲ್ಲಿ ಸುತ್ತಲೂ ಕಬ್ಬಿಣವೇ. ಅಂಥ ಕಡೆ ಬರೀ ಕೈಯಲ್ಲಿ ಆರಿಸಿ ಅನ್ನುವುದು ಯಾವ ನ್ಯಾಯ?

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ದಣಿವು. ನಾನೂರು ಸಲ ಅಗೆದು ನಾನೂರು ಸಲವೂ ಮೊಳೆ ಸಿಕ್ಕಿದರೆ ಮನಸ್ಸು ಏನನ್ನುತ್ತದೆ? ಇದೂ ಮೊಳೆಯೇ ಅನ್ನುತ್ತದೆ. ಮುಂದಿನದು ಬಾಂಬ್ ಆಗಿರಬಹುದು. ಬ್ಯಾಟರಿ ಬೇಡದ, ಜೇಬಿಗೆ ಭಾರವಲ್ಲದ ಒಂದು ವಸ್ತು ಆಕೆಯ ಗಮನವನ್ನು ಆ ಒಂದು ಸಲಕ್ಕೆ ಉಳಿಸಿಕೊಡುವುದಾದರೆ, ಬೇಡ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ವಿರೋಧ: ಮೊಳೆ ಸಿಕ್ಕಿತು, ಅದರ ಕೆಳಗೆ ಏನಿದೆ?

ಟಕ್ ಅಂತ ಮೊಳೆ ಬಂದು ಅಂಟಿಕೊಳ್ಳುತ್ತದೆ. ಹಿಡಿದಿಟ್ಟ ಉಸಿರು ಹೊರಗೆ ಬರುತ್ತದೆ. ಸದ್ದು ಮಾಡಿದ್ದು ಇದೇ, ಮುಂದೆ ಹೋಗೋಣ. ನನಗೆ ಹೆದರಿಕೆ ಇರುವುದು ಆ ಗಳಿಗೆಯ ಬಗ್ಗೆಯೇ. ಡಿಟೆಕ್ಟರ್ ಒಂದೇ ಸಲ ಕೂಗಿತು ಅಂದ ಮಾತ್ರಕ್ಕೆ ಕೆಳಗೆ ಒಂದೇ ವಸ್ತು ಇರಬೇಕೆಂದಿಲ್ಲ. ಮೇಲೆ ಮೊಳೆ, ನಾಲ್ಕು ಬೆರಳು ಕೆಳಗೆ ಪ್ಲಾಸ್ಟಿಕ್ ಬಾಂಬ್ ಇರಬಹುದು. ಮತ್ತೆ ಡಿಟೆಕ್ಟರ್ ಆಡಿಸಬೇಕು ಅನ್ನುವ ನಿಯಮ ಇದೆ, ಒಪ್ಪಿದೆ. ಆದರೆ ಕೈಗೆ ಉತ್ತರ ಸಿಕ್ಕಿಬಿಟ್ಟ ಮೇಲೆ, ಸುಡುವ ಬಿಸಿಲಲ್ಲಿ, ಆ ನಿಯಮ ಪಾಲಿಸಲು ಮನಸ್ಸು ಬಲು ಗಟ್ಟಿ ಇರಬೇಕು.

ಅಯಸ್ಕಾಂತಕ್ಕೆ ಸಿಗುವುದು ಕಬ್ಬಿಣ, ಉಕ್ಕು ಮಾತ್ರ. ಹಿತ್ತಾಳೆ ತೋಟಾ, ತಾಮ್ರದ ತಂತಿ, ಅಲ್ಯೂಮಿನಿಯಂ ಚೂರು ಇದ್ದಲ್ಲೇ ಇರುತ್ತವೆ. ಅಲ್ಲಿನ ಮಣ್ಣೂ ತೊಂದರೆ ಕೊಡುತ್ತದೆ. ಕಾಂಬೋಡಿಯಾದ ಎಷ್ಟೋ ಕಡೆ ಇರುವುದು ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯ ಕೆಂಪು ನೆಲ, ಕಬ್ಬಿಣ ತುಂಬಿದ್ದು. ಅಂಥ ಮಣ್ಣಿನ ಕಣಗಳೇ ಅಯಸ್ಕಾಂತಕ್ಕೆ ಮೆತ್ತಿಕೊಂಡರೆ ಅದರ ಮಧ್ಯೆ ಸಣ್ಣ ತಂತಿಯನ್ನು ಹೇಗೆ ಗುರುತಿಸುವುದು?

ಅದಕ್ಕಿಂತ ಗಂಭೀರವಾದದ್ದು, ಅಯಸ್ಕಾಂತ ಎಳೆಯುತ್ತದೆ. ಆ ನೆಲದಲ್ಲಿ ಎಳೆಯಬಾರದ ವಸ್ತುಗಳಿವೆ. ಮೇಲೆ ಹೇಳಿದ ಪೋಮ್ಝ್-2 ಸಿಡಿಯುವುದೇ ಅದಕ್ಕೆ ಕಟ್ಟಿದ ತಂತಿ ಎಳೆದಾಗ. ಹುಲ್ಲಿನಡಿ ಮುಚ್ಚಿಹೋದ ಉಕ್ಕಿನ ತಂತಿಯ ಹತ್ತಿರ ಬಲವಾದ ಅಯಸ್ಕಾಂತ ಒಯ್ಯುವುದನ್ನು ಯೋಚಿಸಿದರೇ ಮೈ ಝುಮ್ ಅನ್ನುತ್ತದೆ. ಟೈಪ್ 72ಬಿ ನೋಡಲು ತನ್ನ ಅಣ್ಣ 72ಎ ಹಾಗೇ ಇದೆ. ಆದರೆ ಸ್ವಲ್ಪ ವಾಲಿಸಿದರೂ ಸಿಡಿಯುವಂತೆ ಮಾಡಿದ್ದಾರೆ. ಉಕ್ರೇನಿನಲ್ಲಿ ಚೆಲ್ಲಿರುವ, ಟ್ಯಾಂಕುಗಳಿಗೆಂದೇ ಮಾಡಿದ ರಷ್ಯಾದ ಪಿಟಿಎಂ-3 ಬಾಂಬಿನ ಫ್ಯೂಸು, ಅಂದರೆ ಅದನ್ನು ಸಿಡಿಸುವ ಭಾಗ, ಟ್ಯಾಂಕಿನ ಕಬ್ಬಿಣ ಹತ್ತಿರ ಬಂದಾಗ ಆಗುವ ಕಾಂತದ ಬದಲಾವಣೆಯನ್ನೇ ಕಾಯುತ್ತದೆ. ಅದರ ಬಳಿಗೆ ಅಯಸ್ಕಾಂತ ಹಿಡಿದು ಹೋಗುವುದು ಸಾವನ್ನು ಮನೆಗೆ ಕರೆದ ಹಾಗೆ. ಒಂದು ದೇಶದಲ್ಲಿ ಕಲಿತ ಕೈ ಇನ್ನೊಂದು ದೇಶಕ್ಕೂ ಕೆಲಸಕ್ಕೆ ಹೋಗುತ್ತದೆ, ಅಭ್ಯಾಸವೂ ಜೊತೆಗೇ ಹೋಗುತ್ತದೆ.

ಇನ್ನೊಂದು ಮಾತು. ಚೂರುಗಳು ಸುಳಿವು ಕೊಡುತ್ತವೆ. ಬೀಡು ಕಬ್ಬಿಣದ ತುಂಡು ಎಲ್ಲಿ ಬಿದ್ದಿತ್ತು ಅನ್ನುವುದರಿಂದ ಪಕ್ಕದಲ್ಲಿ ಇನ್ನೊಂದು ಗೂಟ ಇರಬಹುದೇ ಎಂದು ಊಹಿಸಬಹುದು. ಎಲ್ಲವನ್ನೂ ಬಾಚಿ ಬಕೆಟ್ಟಿಗೆ ಸುರಿದರೆ ಆ ಸುಳಿವೂ ಹೋಯಿತು.

ಗುಜರಿಯ ಕಾಟ ತಪ್ಪಿಸುವುದೇ ಗುರಿಯಾದರೆ ಲೋಹಕ್ಕೆ ಕಿವಿಗೊಡದ ದಾರಿಯೂ ಇದೆ. ಅಪೋಪೋ ಸಂಸ್ಥೆ ಅದೇ ಕಾಂಬೋಡಿಯಾದಲ್ಲಿ ಆಫ್ರಿಕಾದ ದೊಡ್ಡ ಇಲಿಗಳನ್ನು ಪಳಗಿಸಿ ಕೆಲಸ ಮಾಡಿಸುತ್ತಿದೆ. 2020ರಲ್ಲಿ ಚಿನ್ನದ ಪದಕ ಪಡೆದ ಮಗಾವಾ ಎಂಬ ಇಲಿ ಆ ತಂಡದ್ದೇ. ಇಲಿಗೆ ಬೇಕಾದದ್ದು ಸ್ಫೋಟಕದ ವಾಸನೆ, ಮೊಳೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಟೆನಿಸ್ ಕೋರ್ಟಿನಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ಸುತ್ತಿ ಬರುತ್ತದೆ. ದುಡ್ಡು ಹಾಕುವುದಿದ್ದರೆ ಇಂಥದ್ದಕ್ಕೆ ಜಾಸ್ತಿ ಹಾಕಲಿ.

ಅಯಸ್ಕಾಂತವನ್ನು ಪೂರ್ತಿ ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಡಿಟೆಕ್ಟರ್ ನೋಡದ ನೆಲದ ಮೇಲೆ ಅದು ಆಡಬಾರದು. ಕೆರೆದು ಪಕ್ಕಕ್ಕೆ ಹಾಕಿದ ಸಡಿಲ ಮಣ್ಣಿಗೆ ಮಾತ್ರ ಬಳಸಲಿ, ಅದೂ ಅಲ್ಲಿರುವ ಬಾಂಬುಗಳ ಜಾತಿ ಯಾವುದೆಂದು ಗೊತ್ತಿರುವ ಕಡೆ. ಬಳಸಿದ ಮೇಲೆ ಆ ಹೆಣ್ಣುಮಗಳು ಅದನ್ನು ಡಿಟೆಕ್ಟರಿನಿಂದ ದೂರ, ನಾಲ್ಕು ಹೆಜ್ಜೆ ಹಿಂದೆ ಇಟ್ಟು ಬರಲಿ. ಮತ್ತೆ ಮಂಡಿಯೂರಲಿ. ಅದೇ ಗುಂಡಿಯ ಮೇಲೆ ಡಿಟೆಕ್ಟರನ್ನು ಇನ್ನೊಮ್ಮೆ ನಿಧಾನಕ್ಕೆ ಆಡಿಸಿ, ಸದ್ದಿಲ್ಲ ಅನ್ನುವುದನ್ನು ತನ್ನ ಕಿವಿಯಿಂದಲೇ ಕೇಳಲಿ.