ಪ್ರೇಮಕಥೆ ಗೇಮ್: ಆ ಕಡೆ ಯಾರೂ ಕೂತಿಲ್ಲ

ಧಾರವಾಡದ ಕಾಲೇಜು ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಪ್ರೇಮಕಥೆ ಗೇಮ್‌ಗಳೆಲ್ಲ ಡೇಟಿಂಗ್ ಆ್ಯಪ್, ಆ ಕಡೆ ನಿಜವಾದ ಹುಡುಗರೇ ಕೂತು ಉತ್ತರ ಕೊಡ್ತಾರೆ.’ ಇದು ತಪ್ಪು. ಪ್ರೇಮಕಥೆ ಗೇಮ್ ಅಂದರೆ, ಓದುತ್ತಾ ಅಲ್ಲಲ್ಲಿ ನೀವು ಒತ್ತಿದ ಆಯ್ಕೆಯಂತೆ ಮುಂದೆ ಸಾಗುವ ಕಥೆ. ಇವುಗಳಲ್ಲಿ ಸಾಮಾನ್ಯವಾಗಿ ಪಾತ್ರಗಳ ಮಾತೆಲ್ಲ ಲೇಖಕರು ಮೊದಲೇ ಬರೆದಿಟ್ಟದ್ದು. 2009ರಿಂದ ಇರುವ ಟ್ವೈನ್ ಎಂಬ, ಇಂಥ ಕಥೆ ಕಟ್ಟುವ ಉಚಿತ ಸಾಧನದಲ್ಲಿ ಮಾಡಿದ ಕಥೆ ಸುಮ್ನೆ ಬ್ರೌಸರ್‌ನಲ್ಲಿ ತೆರೆಯುವ ಒಂದು ಎಚ್‌ಟಿಎಂಎಲ್ ಫೈಲ್. ಇಳಿಸಿಕೊಂಡು, ನೆಟ್ ಆಫ್ ಮಾಡಿ ಓದಿ ನೋಡಿ. ನಾಯಕ ಆಗಲೂ ಮಾತಾಡುತ್ತಾನೆ. ಎರಡನೇ ಅಧ್ಯಾಯದಲ್ಲಿ ನೀವು ‘ಸಿಟ್ಟಾಗು’ ಒತ್ತಿದ್ದು ಗೇಮ್‌ನ ಲೆಕ್ಕದಲ್ಲಿ ಉಳಿಯುವಂತೆ ಲೇಖಕರು ಮಾಡಿಟ್ಟಿದ್ದರೆ, ಐದನೇ ಅಧ್ಯಾಯದಲ್ಲಿ ಅವನು ಮುಖ ತಿರುಗಿಸಬಹುದು. ಓದುವವರಿಗೆ ಬೇಕಾದ್ದೂ ಇದೇ ಅಲ್ವಾ? ತಮ್ಮ ಆಯ್ಕೆ ಕಥೆಗೆ ನೆನಪಿರಬೇಕು, ಬೇಡ ಅನ್ನೋಕೂ ದಾರಿ ಇರಬೇಕು. ಒಳ್ಳೆಯ ಆಯ್ಕೆಗೆ ‘ವಜ್ರ’ (ಗೇಮ್‌ನೊಳಗಿನ ನಾಣ್ಯ) ಕೊಳ್ಳಿ ಅಂತ ದುಡ್ಡು ಕೇಳುವ ಆ್ಯಪ್‌ಗಳೂ ಇವೆ, ನನಗೂ ಅವು ಸೇರಲ್ಲ. ಆದರೆ ಅದು ಬೇರೆ ತಕರಾರು. ಗ್ರೂಪಿನ ಆ ಡೇಟಿಂಗ್ ಆ್ಯಪ್ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.