ಜನರ ಕೈಗೆ ದುಡ್ಡು ಎಂದರೆ ಯಾರ ಕೈಗೆ?

ಕಳೆದ ಭಾನುವಾರ ದಾವಣಗೆರೆಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ರೈಲು ಗೀಲು ಅಂತ ಮಣ್ಣಿಗೆ ಸುರಿಯೋ ದುಡ್ಡಲ್ಲಿ ಇನ್ನಷ್ಟು ತೆರಿಗೆ ಇಳಿಸಿದ್ರೆ ಜನರ ಕೈಗೆ ದುಡ್ಡು ಬರ್ತದಪ್ಪಾ, ವ್ಯಾಪಾರ ತಾನಾಗೇ ಏಳ್ತದೆ" ಎಂದರು. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಶುಭಕಾರ್ಯದ ಮನೆಯಲ್ಲಿ ವಾದ ಬೇಡವೆಂದು ನಾನು ಸುಮ್ಮನಾದೆ. ಆದರೆ ಆ ಮಾತು ಇಂದಿಗೂ ಮನಸ್ಸಿನಿಂದ ಇಳಿದಿಲ್ಲ, ಏಕೆಂದರೆ ಮಣ್ಣಿಗೆ ಸುರಿದ ಆ ದುಡ್ಡನ್ನು ನಾನು ಅದೇ ದಿನ ಬೆಳಿಗ್ಗೆ ಕಣ್ಣಾರೆ ನೋಡಿಕೊಂಡು ಬಂದಿದ್ದೆ.

ಭರಮಸಾಗರ ದಾಟಿದ ಮೇಲೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಏರಿ ಎದ್ದಿದೆ. ಕಾರು ನಿಲ್ಲಿಸಿ ಅರ್ಧ ಗಂಟೆ ಅಲ್ಲೇ ನಿಂತೆ. ಟಿಪ್ಪರ್ ಬಂದು ಮಣ್ಣು ಸುರಿಯುತ್ತದೆ, ಅದನ್ನು ಹರಡಿ ಸಮ ಮಾಡಿದ ಮೇಲೆ ಟ್ಯಾಂಕರಿನವನು ನೀರು ಹೊಡೆಯುತ್ತಾನೆ, ಆಮೇಲೆ ರೋಲರ್ ಹೋಗಿ ಬಂದು ಹೋಗಿ ಬಂದು ಗಟ್ಟಿ ಮಾಡುತ್ತದೆ. ಒಂದು ಪದರ ಗಟ್ಟಿಯಾಗಿದೆಯೆಂದು ಪರೀಕ್ಷಿಸಿದ ನಂತರವೇ ಇನ್ನೊಂದು ಪದರ. ಪಕ್ಕದ ಮೋರಿಯ ಹಸಿ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ಇಬ್ಬರು ಹೆಂಗಸರು ಕೊಡದಲ್ಲಿ ನೀರುಣಿಸುತ್ತಿದ್ದರು. ರಸ್ತೆಯಂಚಿನ ತಗಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತ, ವ್ಯಾಪಾರ ಹೇಗಿದೆ ಅಕ್ಕ ಎಂದು ಕೇಳಿದೆ. "ಮೊದ್ಲು ದಿನಕ್ಕೆ ಇಪ್ಪತ್ತು ಟೀ ಹೋದ್ರೆ ಹೆಚ್ಚು ಕಣಣ್ಣ, ಈಗ ಹತ್ತು ಗಂಟೆಯೊಳಗೆ ಐವತ್ತು ಪ್ಲೇಟು ಚಿತ್ರಾನ್ನ ಖಾಲಿ" ಎಂದಳು. ಅವಳಿಗೆ ತರಕಾರಿ ಕೊಡುವವನು, ಗ್ಯಾಸ್ ತರುವವನು, ಟಿಪ್ಪರುಗಳ ಟೈರಿಗೆ ಪಂಕ್ಚರ್ ಹಾಕುವ ಎದುರಿನ ಹುಡುಗ, ಇವರೂ ಆ ಏರಿಯಿಂದಲೇ ಉಣ್ಣುತ್ತಿದ್ದಾರೆ. ಇವರ ಕೈಗೆ ಬಂದದ್ದು ಜನರ ಕೈಗೆ ಬಂದ ದುಡ್ಡಲ್ಲವೇ?

ಇನ್ನು ನನ್ನ ಕೈಗೆ ಬಂದ ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2025ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು ಘೋಷಿಸಿದಾಗ ನನಗೂ ಸಂತೋಷವಾಗಿತ್ತು. 12 ಲಕ್ಷಕ್ಕೆ ಮೊದಲು 80,000 ರೂಪಾಯಿ ತೆರಿಗೆ ಬೀಳುತ್ತಿತ್ತು, ಅದು ಸೊನ್ನೆಯಾಯಿತು. ಉಳಿದ ಹಣದಲ್ಲಿ ನಾನು ಏನು ಕೊಂಡೆ? ಏನೂ ಇಲ್ಲ. ತಿಂಗಳಿಗೆ ಆರೇಳು ಸಾವಿರದಂತೆ ಅಷ್ಟನ್ನೂ ಗೃಹಸಾಲದ ಅಸಲಿಗೆ ಕಟ್ಟಿದೆ. ನನ್ನ ಸಂಸಾರಕ್ಕೆ ಅದು ಸರಿಯಾದ ನಿರ್ಧಾರವೇ, ಆದರೆ ನನ್ನ ಬೀದಿಯ ಯಾವ ಅಂಗಡಿಯವನಿಗೂ ಅದರಿಂದ ಒಂದು ರೂಪಾಯಿ ವ್ಯಾಪಾರ ಹೆಚ್ಚಲಿಲ್ಲ. ನನ್ನಂಥವರಿಗಾಗಿ ಕೇಂದ್ರ ಸರ್ಕಾರ ಬಿಟ್ಟುಕೊಟ್ಟ ವರಮಾನ ಸುಮಾರು 1 ಲಕ್ಷ ಕೋಟಿ ರೂಪಾಯಿ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ 191 ಕಿಲೋಮೀಟರ್ ಮಾರ್ಗದ ವೆಚ್ಚ ಎರಡು ಸಾವಿರ ಕೋಟಿಯ ಆಸುಪಾಸಿನದು. ಅಂದರೆ ಒಂದು ವರ್ಷದ ಆ ವಿನಾಯಿತಿಯಲ್ಲಿ ಇಂಥ ಐವತ್ತು ಮಾರ್ಗಗಳಿವೆ.

ತೆರಿಗೆ ಇಳಿದರೆ ಎಲ್ಲರಿಗೂ ಲಾಭ ಎನ್ನುವವರು ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. 2024ರ ಜುಲೈ 31ರ ಗಡುವಿನೊಳಗೆ ಈ ದೇಶದಲ್ಲಿ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್‌ಗಳು 7.28 ಕೋಟಿ. ನಾವಿರುವುದು 140 ಕೋಟಿ ಜನ. ರಿಟರ್ನ್ ಹಾಕಿದವರಲ್ಲೂ ಬಹಳಷ್ಟು ಮಂದಿ ಮೊದಲೇ ತೆರಿಗೆ ಕಟ್ಟಬೇಕಾಗಿರಲಿಲ್ಲ. ಗೋಣಿಚೀಲಕ್ಕೆ ನೀರುಣಿಸುವ ಆ ಇಬ್ಬರಿಗೆ ಆದಾಯ ತೆರಿಗೆ ಎಷ್ಟೇ ಇಳಿದರೂ ಏನು ಬಂತು? ಅವರಿಗೆ ಬೇಕಾದದ್ದು ಕೂಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದು ಸೋಪು, ಶಾಂಪೂ ಶೇ 18ರಿಂದ ಶೇ 5ಕ್ಕೆ ಬಂದದ್ದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಸೋಪನ್ನು ಅವರೂ ಕೊಳ್ಳುತ್ತಾರೆ. ಅಂದು ಪಂಕ್ತಿಯಲ್ಲಿ ತಲೆಯಾಡಿಸಿದವರು ಯೋಚಿಸುತ್ತಿದ್ದದ್ದು ಸೋಪಿನ ತೆರಿಗೆಯನ್ನಲ್ಲ.

ಕಂಪನಿಗಳ ತೆರಿಗೆ ಇಳಿಸಿದರೆ ಬಂಡವಾಳ ಹರಿಯುತ್ತದೆ ಎಂಬ ವಾದವನ್ನೂ ಈ ದೇಶ ಪ್ರಯೋಗ ಮಾಡಿ ನೋಡಿದೆ. 2019ರ ಸೆಪ್ಟೆಂಬರ್ 20ರಂದು ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ತಂದಾಗ ಬಿಟ್ಟುಕೊಟ್ಟದ್ದು ವರ್ಷಕ್ಕೆ 1.45 ಲಕ್ಷ ಕೋಟಿ. ಆರೇ ತಿಂಗಳಲ್ಲಿ ಕೋವಿಡ್ ಬಂದು ಲೆಕ್ಕ ಕಲಸಿಹೋಯಿತು, ನಿಜ. ಆದರೂ ಮುಂದೆ ಆರ್ಥಿಕತೆಯನ್ನು ಎತ್ತಲು ಸರ್ಕಾರ ತಾನೇ ಬಂಡವಾಳ ವೆಚ್ಚಕ್ಕೆ, ಅಂದರೆ ರಸ್ತೆ, ರೈಲಿನಂಥ ಬಾಳಿಕೆ ಬರುವ ಆಸ್ತಿ ಕಟ್ಟುವ ಖರ್ಚಿಗೆ, ಇಳಿಯಬೇಕಾಯಿತು: 2019–20ರಲ್ಲಿ 3.36 ಲಕ್ಷ ಕೋಟಿಯಿದ್ದದ್ದು 2023–24ಕ್ಕೆ 9.49 ಲಕ್ಷ ಕೋಟಿಯಾಯಿತು. 2025–26ರ ಬಜೆಟ್ಟಿನಲ್ಲಿ ರೈಲ್ವೆಯ ಪಾಲೇ 2.52 ಲಕ್ಷ ಕೋಟಿ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಅರ್ಥಶಾಸ್ತ್ರಜ್ಞರ ಅಂದಾಜಿನಂತೆ, ಸರ್ಕಾರ ಇಂಥ ಬಂಡವಾಳ ಕೆಲಸಕ್ಕೆ ಹಾಕಿದ 1 ರೂಪಾಯಿ ಸುತ್ತಿ ಸುತ್ತಿ 2.45 ರೂಪಾಯಿಯಷ್ಟು ಉತ್ಪನ್ನವನ್ನು ಹುಟ್ಟಿಸುತ್ತದೆ. ನೇರವಾಗಿ ಹಂಚಿದ ರೂಪಾಯಿ ಒಂದು ರೂಪಾಯಿಯನ್ನೂ ದಾಟುವುದಿಲ್ಲ. ಭರಮಸಾಗರದ ಚಿತ್ರಾನ್ನ ನೋಡಿದವನಿಗೆ ಇದು ಆಶ್ಚರ್ಯವಲ್ಲ. ಮಣ್ಣು ಅಲ್ಲಿಯದೇ, ಜಲ್ಲಿ ಹತ್ತಿರದ ಕ್ವಾರಿಯದು, ಸಿಮೆಂಟು ನಮ್ಮದು, ಹಳಿ ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ ಬರುತ್ತದೆ.

"ರೈಲು ಹಾಕುವಷ್ಟರಲ್ಲಿ ಮೊಮ್ಮಕ್ಕಳ ಕಾಲ ಬರುತ್ತದೆ, ತೆರಿಗೆಯಾದರೆ ಮುಂದಿನ ತಿಂಗಳ ಸಂಬಳದಲ್ಲೇ ಕಾಣುತ್ತದೆ" ಎಂದು ನೀವು ಹೇಳಬಹುದು. ನನ್ನನ್ನು ನಿಜವಾಗಿ ಕೆರಳಿಸುವುದು ಈ ಮಾತು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ಬೀದರ್–ಕಲಬುರಗಿ ಮಾರ್ಗ ಕೇವಲ 110 ಕಿಲೋಮೀಟರ್. 1997–98ರಲ್ಲಿ ಮಂಜೂರಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಹಾಸನ–ಬೆಂಗಳೂರು ಮಾರ್ಗಕ್ಕೂ ಇಪ್ಪತ್ತು ವರ್ಷ. ಪ್ರತಿ ಬಜೆಟ್ಟಿನಲ್ಲಿ ಚೂರುಪಾರು ಹಣ ಇಟ್ಟು, ಭೂಮಿ ಕೊಡಬೇಕಾದ ರಾಜ್ಯದ ಕಡೆ ಕೇಂದ್ರ, ಕೇಂದ್ರದ ಕಡೆ ರಾಜ್ಯ ಬೊಟ್ಟು ಮಾಡುತ್ತ ಕಳೆದ ವರ್ಷಗಳವು. ಹಾಗೆ ಚಿಮುಕಿಸಿದ ಹಣದಿಂದ ಯಾವ ಊರಿನ ವ್ಯಾಪಾರವೂ ಏಳುವುದಿಲ್ಲ. ಆದರೆ ಅದು ರೈಲಿನ ದೋಷವಲ್ಲ, ನಡೆಸುವವರ ದೋಷ. 1990ರಲ್ಲಿ ನಿಗಮ ಕಟ್ಟಿ, ಜನರಿಂದ ಬಾಂಡ್ ಮೂಲಕ ಹಣ ಎತ್ತಿ, ನಮ್ಮ ರಾಜ್ಯವೂ ಶೇ 15ರ ಪಾಲು ಹಾಕಿ ಆರಂಭಿಸಿದ ಕೊಂಕಣ ರೈಲ್ವೆ, ಘಟ್ಟ ಕೊರೆದು ಹೊಳೆಗಳಿಗೆ ಸೇತುವೆ ಕಟ್ಟಿ 1998ರ ಜನವರಿಗೆ ಪೂರ್ತಿಯಾಗಿತ್ತು. 700 ಕಿಲೋಮೀಟರಿಗೂ ಮೀರಿದ ದಾರಿಗೆ ಎಂಟು ವರ್ಷ. ಬಯಲುಸೀಮೆಯ 191 ಕಿಲೋಮೀಟರಿಗೆ ಎಷ್ಟು ಬೇಕು?

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ 1876–78ರ ಬರದಲ್ಲಿ ಮೈಸೂರು ಸೀಮೆಯ ಜನ ಅನ್ನವಿಲ್ಲದೆ ಸತ್ತರು. ಆಗ ಹಸಿದು ಬಂದವರಿಗೆ ಕೂಲಿ ಕೊಟ್ಟು ಮಾಡಿಸಿದ ಬರ ಪರಿಹಾರ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ಮಾರ್ಗದ ಮಣ್ಣಿನ ಕೆಲಸವೂ ಒಂದು. 1882ರಲ್ಲಿ ರೈಲು ಮೈಸೂರು ತಲುಪಿತು. ಅಂದಿನ ಕೂಲಿ ಅಂದೇ ಗಂಜಿಯಾಗಿ ಕರಗಿತು. ದಾರಿ ಇಂದಿಗೂ ದುಡಿಯುತ್ತಿದೆ. ನಾನು ಸಾಲಕ್ಕೆ ಕಟ್ಟಿದ 80,000 ರೂಪಾಯಿ ಯಾರಿಗೆ ಹಾಗೆ ದುಡಿಯುತ್ತದೆ?

ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವಂತೆ ನಮ್ಮದು ಹಿರಿಯೂರು ಕಡೆಯ ಹಳ್ಳಿ. ಇಂದಿಗೂ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ರೈಲಿನಲ್ಲಿ ಹೋಗಬೇಕೆಂದರೆ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ಹೋಗಬೇಕು. ಹಿರಿಯೂರಿಗೆ ರೈಲೇ ಇಲ್ಲ. 2011–12ರಲ್ಲಿ ನೇರ ಮಾರ್ಗ ಮಂಜೂರಾದಾಗ ಅಪ್ಪ ಬದುಕಿದ್ದರು. ನಮ್ಮ ಹೊಲದಲ್ಲೂ ಹನ್ನೆರಡು ಗುಂಟೆ ಹೋಗುತ್ತದೆಂದು ಗೊತ್ತಾದಾಗ, "ಹೋಗ್ಲಿ ಬಿಡು, ಊರಿಗೆ ರೈಲು ಬರ್ತದೆ" ಎಂದಿದ್ದರು. ಪರಿಹಾರದ ಹಣವೂ ಬಂತು. ಅಪ್ಪ ಹೋಗಿ ಆರು ವರ್ಷವಾಯಿತು. ಗೃಹಪ್ರವೇಶ ಮುಗಿಸಿಕೊಂಡು ಅಂದು ಸಂಜೆ ಊರಿಗೆ ಹೋದಾಗ ಹೊಲಕ್ಕೆ ಹೋಗಿ ನೋಡಿದೆ. ರೈಲ್ವೆಯ ಗುರುತಿನ ಕಲ್ಲು ಬಣ್ಣ ಮಾಸಿ ನಿಂತಿದೆ. ಕೆಲಸ ಶುರುವಾಗುವವರೆಗೆ ಬಿತ್ತಿಕೊಳ್ಳಿ ಎಂದಿದ್ದರಂತೆ. ತಮ್ಮ ಈ ವರ್ಷವೂ ಅದರ ಸುತ್ತ ಶೇಂಗಾ ಬಿತ್ತಿದ್ದಾನೆ.